ಹದಿನಾಲ್ಕು ಗೋಲು ಯಾರ ಲೆಕ್ಕಕ್ಕೆ?

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ ಈಗ 20 ವರ್ಷ. ಫುಟ್‌ಬಾಲ್‌ನಲ್ಲಿ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವ ಡಿಫೆಂಡರ್. ಕಲಬುರಗಿಯಲ್ಲಿ ಪಿಯುಸಿ ಓದುವಾಗ ಆಟ ಹಿಡಿಯಿತು. ಈ ವರ್ಷ ಮೊದಲ ಸಲ ಒಂದು ಕ್ಲಬ್ ಸಂಬಳ ಕೊಟ್ಟು ಸೇರಿಸಿಕೊಂಡಿತು. ತಂಡದ 22 ಪಂದ್ಯಗಳಲ್ಲಿ ಅವನಿಗೆ 11 ಸಿಕ್ಕವು. 4, 5, 6ನೇ ಪಂದ್ಯದಲ್ಲಿ ಮೊದಲಿನಿಂದ ಆಡಿದ. 6ರಲ್ಲಿ ಪೆನಾಲ್ಟಿ ಕೊಟ್ಟು ರೆಡ್ ಕಾರ್ಡ್ ತಿಂದ. ಆಮೇಲೆ 13ರವರೆಗೆ ಹೊರಗೆ. 14, 15, 16ರಲ್ಲಿ ಕೊನೆಯ ಹತ್ತು ಹದಿನೈದು ನಿಮಿಷ ಇಳಿಸಿದರು. 18ರಿಂದ 22ರವರೆಗೆ ಐದೂ ಪಂದ್ಯ ಪೂರ್ತಿ ಆಡಿದ. ಅದು ಕೂಡ ವಿದೇಶಿ ಡಿಫೆಂಡರ್‌ಗೆ ಗಾಯವಾಗಿದ್ದರಿಂದ ಅನ್ನುತ್ತಾರೆ. ಬೆಂಚಿನಲ್ಲಿ 31 ವರ್ಷದ ಇನ್ನೊಬ್ಬ ಡಿಫೆಂಡರ್ ಇದ್ದ. ತಮ್ಮ ಆಡಿದ ಪಂದ್ಯಗಳಲ್ಲಿ ತಂಡಕ್ಕೆ ಬಿದ್ದ ಗೋಲು 14. ಅದರಲ್ಲಿ ಒಂದು ಇವನೇ ಹಾಕಿಕೊಂಡ ಸ್ವಂತ ಗೋಲು. ಪೆನಾಲ್ಟಿಯ ಕ್ಲಿಪ್ ವಾಟ್ಸಾಪ್‌ನಲ್ಲಿ ಊರೆಲ್ಲ ಓಡಾಡಿತು. ನಮ್ಮ ತಂದೆ ತೊಗರಿ ಬೆಳೆಯುವವರು. "ಸಾಕ್ ಮಾಡಂತ ಹೇಳು ಅವಂಗ, ಬಂದು ಪೊಲೀಸ್ ಪರೀಕ್ಷಾ ಬರೀಲಿ" ಅನ್ನುತ್ತಾರೆ. ಕ್ಲಬ್ ಮತ್ತೆ ಒಂದು ವರ್ಷಕ್ಕೆ ಕರೆದಿದೆ, ಆದರೆ ಸಂಬಳ ಹೆಚ್ಚಿಸಿಲ್ಲ. ಅವನು ನಿಜವಾಗಿ ಹೇಗೆ ಆಡಿದ ಅಂತ ತಿಳಿಯುವುದು ಹೇಗೆ? 5, 6, 19 ಮತ್ತು 22ನೇ ಪಂದ್ಯದ ವಿಡಿಯೊ ಕಳಿಸಿದ್ದೇನೆ. ಯಾವ ಗೋಲು ಯಾವ ನಿಮಿಷದಲ್ಲಿ ಬಿತ್ತು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಉತ್ತರ: ನಾಲ್ಕೂ ವಿಡಿಯೊ ನೋಡಿದೆ. ಎರಡೆರಡು ಸಲ ನೋಡಿದೆ. ಮೊದಲ ಸಲ ಎಲ್ಲರ ಹಾಗೆ ಚೆಂಡಿನ ಹಿಂದೆ ಕಣ್ಣು. ಎರಡನೇ ಸಲ ಚೆಂಡನ್ನು ಬಿಟ್ಟು ನಿಮ್ಮ ತಮ್ಮನೊಬ್ಬನನ್ನೇ ನೋಡಿದೆ. ಹೇಳುವುದು ಸುಲಭ, ಐದು ನಿಮಿಷದಲ್ಲಿ ಕಣ್ಣು ತಾನಾಗಿ ಚೆಂಡಿನ ಕಡೆ ಓಡುತ್ತದೆ. ಅದಕ್ಕೇ ನಾನು ಪೆನ್ನು ಹಿಡಿದು ಕೂರುತ್ತೇನೆ. ಕಣ್ಣು ಓಡಿದಾಗಲೆಲ್ಲ ಹಾಳೆ ಮೇಲೆ ಒಂದು ಗೀಟು. ಮೂವತ್ತು ವರ್ಷದಿಂದ ಈ ಆಟದಲ್ಲಿದ್ದರೂ ನನ್ನ ಹಾಳೆಯಲ್ಲಿ ಇನ್ನೂ ಗೀಟು ಬೀಳುತ್ತವೆ.

ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೀರಿ, ಆದ್ದರಿಂದ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೀಸನ್ ಕೆಟ್ಟದ್ದೇನೂ ಆಗಿಲ್ಲ. ಕುಣಿದಾಡುವಂಥದ್ದೂ ಆಗಿಲ್ಲ. ಆದರೆ 6ನೇ ಪಂದ್ಯದಲ್ಲಿ ನಿಂತ ಹುಡುಗ ಬೇರೆ, 19ನೇ ಪಂದ್ಯದಲ್ಲಿ ನಿಂತ ಹುಡುಗ ಬೇರೆ. ಮೊದಲ ವರ್ಷದ ಡಿಫೆಂಡರ್‌ನಲ್ಲಿ ನಾನು ಹುಡುಕುವುದು ಈ ವ್ಯತ್ಯಾಸವನ್ನೇ. ಅದು ಎಲ್ಲಿ ಕಾಣುತ್ತದೆ ಅಂತ ಹೇಳುತ್ತೇನೆ, ನೀವೇ ವಿಡಿಯೊ ಹಾಕಿಕೊಂಡು ನೋಡಿ.

ಆ ವಾಟ್ಸಾಪ್ ಕ್ಲಿಪ್‌ನಿಂದಲೇ ಶುರು ಮಾಡೋಣ. ಕ್ಲಿಪ್ ಕೆಲವೇ ಸೆಕೆಂಡಿನದು. ಎದುರಾಳಿ ಸ್ಟ್ರೈಕರ್ ಗೋಲಿನ ಕಡೆ ಓಡುತ್ತಿದ್ದಾನೆ, ನಿಮ್ಮ ತಮ್ಮ ಹಿಂದಿನಿಂದ ಅಂಗಿ ಹಿಡಿದು ಎಳೆಯುತ್ತಾನೆ, ರೆಫರಿ ಸೀಟಿ ಊದುತ್ತಾರೆ. ನೋಡಿದವರು ಏನಂದುಕೊಳ್ಳುತ್ತಾರೆ? ಹುಡುಗನಿಗೆ ಓಟ ಸಾಲದು, ಗಾಬರಿಯಾಗಿ ಎಳೆದ ಅಂತ. ಈಗ ಪೂರ್ತಿ ವಿಡಿಯೊದಲ್ಲಿ ಆ ಜಾಗದಿಂದ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ. ಚೆಂಡು ಎದುರಾಳಿ ಮಿಡ್‌ಫೀಲ್ಡರ್ ಕಾಲಲ್ಲಿದೆ. ನಮ್ಮವರು ಯಾರೂ ಅವನ ಹತ್ತಿರ ಇಲ್ಲ. ತಲೆ ಎತ್ತಿ, ಆರಾಮಾಗಿ, ಯಾರಿಗೆ ಕೊಡಲಿ ಅಂತ ನೋಡುತ್ತಿದ್ದಾನೆ. ಇಂಥ ಹೊತ್ತಲ್ಲಿ ಉದ್ದನೆಯ ಚೆಂಡು ಬರುತ್ತದೆ ಅಂತಲೇ ಲೆಕ್ಕ. ಡಿಫೆಂಡರ್ ಎರಡು ಮೂರು ಹೆಜ್ಜೆ ಹಿಂದಕ್ಕೆ ಇಳಿಯಬೇಕು. ಮೈ ಅರ್ಧ ತಿರುಗಿರಬೇಕು, ಒಂದು ಭುಜ ಚೆಂಡಿನ ಕಡೆ, ಇನ್ನೊಂದು ತನ್ನ ಗೋಲಿನ ಕಡೆ. ನಿಮ್ಮ ತಮ್ಮ ಎರಡೂ ಕಾಲು ಜೋಡಿಸಿ, ಚೆಂಡಿಗೆ ಎದೆ ಕೊಟ್ಟು, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದಾನೆ. ಸ್ಟ್ರೈಕರ್ ಅವನ ಬೆನ್ನ ಹಿಂದಿನಿಂದ ಹೊರಟ. ಚೆಂಡು ತಲೆ ಮೇಲೆ ಬಂತು. ನಿಮ್ಮ ತಮ್ಮ ಮೊದಲು ತಪ್ಪು ಕಡೆಗೆ ತಿರುಗಿದ, ಮತ್ತೆ ಸರಿ ಕಡೆಗೆ ತಿರುಗಿದ. ಅಷ್ಟರಲ್ಲಿ ಒಂದೂವರೆ ಮೀಟರ್ ಹೋಯಿತು. ಆಮೇಲಿನ ಓಟ ನೋಡಿ, ಆ ಒಂದೂವರೆ ಮೀಟರ್ ಎರಡಾಗುವುದಿಲ್ಲ. ಓಟ ಸಾಲದಿದ್ದರೆ ಆಗಬೇಕಿತ್ತು ಅಲ್ವಾ?

ಅಂದರೆ ಊರವರು ನೋಡಿದ್ದು ಎಳೆದದ್ದನ್ನು. ತಪ್ಪು ಆಗಿದ್ದು ನಿಂತ ರೀತಿಯಲ್ಲಿ. ಅದು ಕ್ಲಿಪ್ ಶುರುವಾಗುವ ಮೊದಲೇ ಮುಗಿದುಹೋಗಿತ್ತು.

ಕಾರ್ಡ್ ಬಗ್ಗೆಯೂ ಒಂದು ಮಾತು, ಇದು ಎಷ್ಟೋ ಹುಡುಗರಿಗೆ ಗೊತ್ತಿಲ್ಲ. 2016ರಲ್ಲಿ ನಿಯಮ ಬದಲಾಯಿತು. ಅದಕ್ಕೂ ಮೊದಲು, ಗೋಲಾಗುವ ಸ್ಪಷ್ಟ ಅವಕಾಶವನ್ನು ಪೆನಾಲ್ಟಿ ಬಾಕ್ಸ್ (ಗೋಲಿನ ಮುಂದೆ ಗೆರೆ ಹಾಕಿದ ಜಾಗ) ಒಳಗೆ ಫೌಲ್ ಮಾಡಿ ತಡೆದರೆ ಪೆನಾಲ್ಟಿಯೂ ಬೀಳುತ್ತಿತ್ತು, ರೆಡ್ ಕಾರ್ಡ್ ಕೂಡ ಬೀಳುತ್ತಿತ್ತು. ಈಗ ಚೆಂಡಿಗೆ ಕಾಲು ಹಾಕಲು ಹೋಗಿ ಫೌಲ್ ಆದರೆ ಪೆನಾಲ್ಟಿ ಜೊತೆ ಹಳದಿ ಕಾರ್ಡ್ ಅಷ್ಟೇ. ಅಂಗಿ ಎಳೆದರೆ, ಹಿಡಿದರೆ, ತಳ್ಳಿದರೆ ಮಾತ್ರ ಮೊದಲಿನ ಹಾಗೇ ರೆಡ್. ನಿಮ್ಮ ತಮ್ಮ ಕಾಲು ಚಾಚಿ ತಪ್ಪಿದ್ದರೂ ತಂಡ 11 ಜನರೊಂದಿಗೆ ಉಳಿಯುತ್ತಿತ್ತು. ಪ್ರತಿಭೆಗೂ ಇದಕ್ಕೂ ಸಂಬಂಧವಿಲ್ಲ. ಒಂದು ಸಂಜೆ ಕೂರಿಸಿಕೊಂಡು ಹೇಳಬೇಕಾಗಿತ್ತು, ಯಾರೂ ಹೇಳಿರಲಿಕ್ಕಿಲ್ಲ.

ಈಗ 19ನೇ ಪಂದ್ಯ ಹಾಕಿ, 63ನೇ ನಿಮಿಷಕ್ಕೆ ಹೋಗಿ. ಹೆಚ್ಚೂಕಡಿಮೆ ಅದೇ ಚೆಂಡು. ಎದುರಾಳಿ ಮಿಡ್‌ಫೀಲ್ಡರ್ ಆರಾಮಾಗಿದ್ದಾನೆ. ಆದರೆ ಈ ಸಲ ನಿಮ್ಮ ತಮ್ಮ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾನೆ, ಒಂದಲ್ಲ ಎರಡು ಸಲ. ಚೆಂಡನ್ನು ಒದೆಯುವ ಮೊದಲೇ ಮೂರು ಹೆಜ್ಜೆ ಇಳಿದಿದ್ದಾನೆ. ಮೈ ಅರ್ಧ ತಿರುಗಿದೆ. ಸ್ಟ್ರೈಕರ್ ಓಡಿದಾಗ ಇವನೂ ಪಕ್ಕದಲ್ಲೇ ಓಡುತ್ತಾನೆ. ಕಾಲು ಹಾಕುವುದಿಲ್ಲ, ಕೈ ಹಾಕುವುದಿಲ್ಲ. ಸುಮ್ನೆ ಒಳಗಿನ ದಾರಿ ಮುಚ್ಚಿಕೊಂಡು ಅವನನ್ನು ಮೂಲೆಯ ಬಾವುಟದ ಕಡೆ ಕರೆದುಕೊಂಡು ಹೋಗುತ್ತಾನೆ. ಸ್ಟ್ರೈಕರ್ ಬೇಸತ್ತು ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಾಮೆಂಟರಿಯವರು ಬೇರೆ ಏನೋ ಮಾತಾಡುತ್ತಿದ್ದರು. ಆ ಕ್ಲಿಪ್ ಯಾರೂ ವಾಟ್ಸಾಪ್‌ಗೆ ಹಾಕಲಿಲ್ಲ. ನಾನು ಮಾತ್ರ ಆ ಹತ್ತು ಸೆಕೆಂಡನ್ನು ನಾಲ್ಕು ಸಲ ನೋಡಿದೆ.

ಇದಕ್ಕೇ ನಾನು ಡಿಫೆಂಡರ್ ವಿಷಯದಲ್ಲಿ ಅಂಕಿ ಪಟ್ಟಿಯನ್ನು ಅನುಮಾನದಿಂದ ನೋಡುವುದು. 63ನೇ ನಿಮಿಷ ಯಾವ ಪಟ್ಟಿಯಲ್ಲೂ ಇಲ್ಲ. ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ಆಗಿಲ್ಲ, ಕ್ಲಿಯರೆನ್ಸ್ (ಚೆಂಡನ್ನು ಗೋಲಿನಿಂದ ದೂರ ಒದೆಯುವುದು) ಆಗಿಲ್ಲ, ಇಂಟರ್‌ಸೆಪ್ಷನ್ (ಎದುರಾಳಿಯ ಪಾಸನ್ನು ನಡುವೆ ಹಿಡಿಯುವುದು) ಆಗಿಲ್ಲ. ಟ್ಯಾಕಲ್ ಜಾಸ್ತಿ ಇರುವವನು ಒಳ್ಳೆಯ ಡಿಫೆಂಡರ್ ಅನ್ನುವುದು ಹಳೆಯ ತಪ್ಪು ಲೆಕ್ಕ. ಮೊದಲೇ ತಪ್ಪಾಗಿ ನಿಂತವನಿಗೇ ಟ್ಯಾಕಲ್ ಜಾಸ್ತಿ ಬೇಕಾಗುತ್ತದೆ. ಇಂಗ್ಲೆಂಡಿನ 2018-19ರ ಪ್ರೀಮಿಯರ್ ಲೀಗ್‌ನಲ್ಲಿ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ 38 ಪಂದ್ಯವನ್ನೂ ಆಡಿದರು. ಒಬ್ಬ ಆಟಗಾರನೂ ಅವರನ್ನು ಡ್ರಿಬಲ್ ಮಾಡಿ ದಾಟಲಿಲ್ಲ. ಆ ವರ್ಷದ ಟ್ಯಾಕಲ್ ಪಟ್ಟಿಯ ಮೇಲ್ತುದಿಯಲ್ಲಿ ಅವರ ಹೆಸರು ಇರಲಿಲ್ಲ, ಆದರೂ ಸಹ ಆಟಗಾರರು ವೋಟು ಹಾಕಿ ವರ್ಷದ ಆಟಗಾರ ಅಂತ ಆರಿಸಿದ್ದು ಅವರನ್ನೇ. ಕ್ಲಿಯರೆನ್ಸ್ ಕಥೆಯೂ ಅಷ್ಟೇ. ಇಡೀ ತಂಡ ತನ್ನ ಬಾಕ್ಸ್‌ನಲ್ಲೇ ಕುಳಿತಿದ್ದರೆ ಯಾವ ಡಿಫೆಂಡರ್‌ಗಾದರೂ ಕ್ಲಿಯರೆನ್ಸ್ ರಾಶಿ ಬೀಳುತ್ತದೆ.

ನಿಂತ ರೀತಿ ಬದಲಾದದ್ದು ಹೇಗೆ? ಕೋಚ್ ತಿದ್ದಿರಬೇಕು, ಅದು ಸರಿ. ಆದರೆ ನೆಲದ ಪಾತ್ರವೂ ಇದೆ. ನಮ್ಮ ಕಡೆಯ ಮೈದಾನ ನಿಮಗೆ ಗೊತ್ತೇ ಇದೆ. ಬೀದರ್ ಕಡೆ ಜಂಬಿಟ್ಟಿಗೆಯ ಕೆಂಪು ಮೊರಂ. ಕಲಬುರಗಿ, ಯಾದಗಿರಿ ಕಡೆ ಎರೆಮಣ್ಣು, ಬೇಸಿಗೆ ಬಂತೆಂದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ. ಇಂಥ ನೆಲ ಡಿಫೆಂಡರ್‌ಗೆ ಒಂದು ಒಳ್ಳೆಯ ಚಟ, ಒಂದು ಕೆಟ್ಟ ಚಟ ಕಲಿಸುತ್ತದೆ. ಮೊರಂ ಮೇಲೆ ಒಮ್ಮೆ ಜಾರಿ ಟ್ಯಾಕಲ್ ಮಾಡಿದರೆ ಮೊಣಕಾಲಿನಿಂದ ಸೊಂಟದವರೆಗೆ ಚರ್ಮ ಉಳಿಯುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಬೀಳದೆ, ಕಾಲ ಮೇಲೆ ನಿಂತೇ ಆಡುತ್ತಾರೆ. ನಾಲ್ಕು ವಿಡಿಯೊದಲ್ಲಿ ನಿಮ್ಮ ತಮ್ಮ ನೆಲಕ್ಕೆ ಬಿದ್ದದ್ದು ಮೂರೇ ಸಲ. ಇದು ಚಿನ್ನದಂಥ ಗುಣ, ಯಾವ ಅಕಾಡೆಮಿಯೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಕೆಟ್ಟ ಚಟ ಅಂದರೆ, ಚೆಂಡು ಟಪ್ಪಾ ಬೀಳಲಿ ಅಂತ ಕಾಯುವುದು. ನಮ್ಮ ನೆಲದಲ್ಲಿ ಟಪ್ಪಾ ಬಿದ್ದ ಚೆಂಡು ಎಡಕ್ಕೋ ಬಲಕ್ಕೋ ದೇವರೇ ಬಲ್ಲ. ಅದಕ್ಕೆ ಹುಡುಗ ಒಂದು ಹೆಜ್ಜೆ ದೂರ ನಿಂತು, ಬಿದ್ದ ಮೇಲೆ ನೋಡಿಕೊಳ್ಳೋಣ ಅನ್ನುತ್ತಾನೆ. ನೀರು ಹಾಕಿದ ಹುಲ್ಲಿನ ಮೇಲೆ ಹಾಗೆ ಕಾಯಲು ಸಮಯವೇ ಇರುವುದಿಲ್ಲ, ಚೆಂಡು ಬಿದ್ದ ತಕ್ಷಣ ಜಾರಿಕೊಂಡು ಮುಂದೆ ಹೋಗಿರುತ್ತದೆ. 5ನೇ ಪಂದ್ಯದ ಮೊದಲ ಗೋಲು ಹೀಗೇ ಬಿದ್ದದ್ದು. ಗೋಲಿ (ಗೋಲ್‌ಕೀಪರ್) ಒದ್ದ ಉದ್ದನೆಯ ಚೆಂಡು, ನಿಮ್ಮ ತಮ್ಮ ಟಪ್ಪಾಗೆ ಬಿಟ್ಟ, ಅದು ಅವನ ತಲೆ ದಾಟಿ ಹೋಯಿತು. 22ನೇ ಪಂದ್ಯದಲ್ಲಿ ಅಂಥ ಒಂಬತ್ತು ಎತ್ತರದ ಚೆಂಡು ಅವನ ಕಡೆ ಬಂದವು. ಏಳನ್ನು ಗಾಳಿಯಲ್ಲೇ ಹೆಡ್ ಮಾಡಿದ. ಚಿಕ್ಕಂದಿನಿಂದ ಮೈಗಂಟಿದ ಚಟವನ್ನು ಒಂದೇ ಸೀಸನ್‌ನಲ್ಲಿ ಇಷ್ಟು ಬಿಟ್ಟವರು ನಾನು ನೋಡಿದವರಲ್ಲಿ ಕಡಿಮೆ.

ಇನ್ನು ಆ 14ರ ಲೆಕ್ಕ. ನಿಮ್ಮ ತಂದೆಗೆ ಇದನ್ನು ಹೀಗೆ ಹೇಳಿ. ಹೊಲದಲ್ಲಿ ತೊಗರಿ ಗಿಡ ಒಣಗಿ ನಿಂತರೆ ಅವರು ದಾರಿಯಲ್ಲಿ ನಿಂತು ಎಣಿಸಿ ಮನೆಗೆ ಬರುವುದಿಲ್ಲ. ಕಿತ್ತು, ಕಾಂಡ ಸೀಳಿ ನೋಡುತ್ತಾರೆ. ಒಳಗೆ ಕಪ್ಪು ಗೆರೆ ಇದ್ದರೆ ನೆಟೆ ರೋಗ. ಇಲ್ಲದಿದ್ದರೆ ಬೇರೆ ಕಾರಣ ಹುಡುಕುತ್ತಾರೆ. ಹೊರಗಿನಿಂದ ಎಲ್ಲ ಒಣಗಿದ ಗಿಡವೂ ಒಂದೇ ಥರ. ಗೋಲನ್ನೂ ಒಂದೊಂದಾಗಿ ಸೀಳಬೇಕು.

ನಿಮ್ಮ ಹಾಳೆಯನ್ನೇ ನೋಡಿ. 14, 15, 16ನೇ ಪಂದ್ಯಗಳಲ್ಲಿ ಸೇರಿ ಬಿದ್ದದ್ದು ಒಂದು ಗೋಲು, ಅದು 34ನೇ ನಿಮಿಷದಲ್ಲಿ. ಆಗ ನಿಮ್ಮ ತಮ್ಮ ಜಾಕೆಟ್ ಹಾಕಿಕೊಂಡು ಬೆಂಚಿನ ಮೇಲೆ ಕುಳಿತಿದ್ದ! 6ನೇ ಪಂದ್ಯದ ಮೂರನೇ ಗೋಲು ಬಿದ್ದಾಗ ರೆಡ್ ಕಾರ್ಡ್ ತಿಂದು ಡ್ರೆಸಿಂಗ್ ರೂಮಿನಲ್ಲಿದ್ದ. ಅಲ್ಲಿಗೆ 14 ಹೋಗಿ 12 ಆಯಿತು. ವಿಡಿಯೊ ಇರುವ ಪಂದ್ಯಗಳಲ್ಲಿ ಅವನು ಮೈದಾನದಲ್ಲಿದ್ದಾಗ ಆಗಿದ್ದು, ಪೆನಾಲ್ಟಿಯನ್ನೂ ಸೇರಿಸಿ, ಆರು ಗೋಲು. ಒಂದು ಟಪ್ಪಾ ಬಿಟ್ಟದ್ದು, ಒಂದು ಪೆನಾಲ್ಟಿ. ಇವೆರಡೂ ಅವನದೇ, ಅನುಮಾನ ಬೇಡ. ಒಂದು ಫ್ರೀ ಕಿಕ್ ಆಟಗಾರರ ಗೋಡೆಯ ಮೇಲಿಂದ ನೇರ ಮೂಲೆಗೆ ಹೋಗಿದೆ, ಅದಕ್ಕೆ ಯಾರನ್ನೂ ಬೈಯಲಾಗದು. ಒಂದು ಕಾರ್ನರ್‌ನಲ್ಲಿ ಇನ್ನೊಬ್ಬ ತನ್ನ ಆಳನ್ನು ಬಿಟ್ಟ. 22ನೇ ಪಂದ್ಯದ್ದು, ನಮ್ಮ ಬಲಬದಿಯ ಡಿಫೆಂಡರ್ ಮುಂದಕ್ಕೆ ಹೋಗಿ ಚೆಂಡು ಕಳೆದುಕೊಂಡ, ನಿಮ್ಮ ತಮ್ಮ ಒಬ್ಬನೇ ಇಬ್ಬರ ಎದುರು. ಅಲ್ಲಿ ಅವನು ಹಿಂದೆ ಹಿಂದೆ ಸರಿಯುತ್ತ ನಾಲ್ಕು ಸೆಕೆಂಡ್ ಹೊತ್ತು ತಡೆ ಹಿಡಿದ. ಸಹಾಯಕ್ಕೆ ಯಾರೂ ಬರಲಿಲ್ಲ. ಅವನ ಕೆಲಸ ಅವನು ಮಾಡಿದ.

ಉಳಿದದ್ದು ಸ್ವಂತ ಗೋಲು. ಜನ ಇದಕ್ಕೇ ಜಾಸ್ತಿ ನಗುತ್ತಾರೆ, ನಾನು ಇದಕ್ಕೇ ಕಡಿಮೆ ಬೆಲೆ ಕೊಡುತ್ತೇನೆ. ಗೋಲ್‌ಕೀಪರ್‌ಗೂ ಡಿಫೆಂಡರ್‌ಗೂ ನಡುವೆ, ಬದಿಯಿಂದ ನೆಲಕ್ಕೆ ಹತ್ತಿರವಾಗಿ ಜೋರಾಗಿ ಬಂದ ಕ್ರಾಸ್ ಅದು. ಬೆನ್ನ ಹಿಂದೆಯೇ ಸ್ಟ್ರೈಕರ್ ಇದ್ದ. ನಿಮ್ಮ ತಮ್ಮ ಕಾಲು ಹಾಕದಿದ್ದರೆ ಆ ಸ್ಟ್ರೈಕರ್ ಗೋಲು ಹಾಕುತ್ತಿದ್ದ. ಸ್ವಂತ ಗೋಲು ಬೀಳಬೇಕಾದರೆ ಆ ಜಾಗದಲ್ಲಿ ಇರಬೇಕಲ್ಲ. ಓಡಿ ಬರದೆ ದೂರ ನಿಂತವನ ಹೆಸರಿನಲ್ಲಿ ಸ್ವಂತ ಗೋಲು ಎಂದೂ ಬರೆಯುವುದಿಲ್ಲ. ಲಿವರ್‌ಪೂಲ್‌ನ ಜೇಮಿ ಕ್ಯಾರಗರ್ 1999ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ತಮ್ಮದೇ ಮೈದಾನದಲ್ಲಿ, ಒಂದೇ ಪಂದ್ಯದಲ್ಲಿ ಎರಡು ಸ್ವಂತ ಗೋಲು ಹಾಕಿಕೊಂಡರು. ತಂಡ 3-2ರಲ್ಲಿ ಸೋತಿತು. ಆಗ ಅವರಿಗೆ 21 ವರ್ಷ. ಅದೇ ಕ್ಲಬ್‌ಗೆ ಒಟ್ಟು 737 ಪಂದ್ಯ ಆಡಿ 2013ರಲ್ಲಿ ನಿವೃತ್ತರಾದರು.

ಬರೇ 11 ಪಂದ್ಯ ಅನ್ನುವ ಕೊರಗಿಗೆ ಬರುತ್ತೇನೆ. 20 ವರ್ಷದ ವಿಂಗರ್‌ಗೆ (ಬದಿಯಲ್ಲಿ ಮುಂದೆ ಆಡುವವನಿಗೆ) 11 ಪಂದ್ಯ ಅಂದರೆ ಸಾಧಾರಣ. 20 ವರ್ಷದ ಸೆಂಟರ್ ಬ್ಯಾಕ್‌ಗೆ 11 ಅಂದರೆ ಚೆನ್ನಾಗೇ ಇದೆ. ಈಗ ಒಂದು ಪಂದ್ಯದಲ್ಲಿ ಐದು ಜನರನ್ನು ಬದಲಿಸಬಹುದು. ಆದರೆ ಕೋಚ್‌ಗಳು ಬದಲಿಸುವುದು ಮುಂದಿನವರನ್ನು. ಸೆಂಟರ್ ಬ್ಯಾಕ್ ಜೋಡಿಯನ್ನು ಗಾಯವಾಗದೆ ಯಾರೂ ಮುಟ್ಟುವುದಿಲ್ಲ. ಅದೂ ಅಲ್ಲದೆ ನಮ್ಮ ದೇಶದ ಕ್ಲಬ್‌ಗಳು ವಿದೇಶಿ ಆಟಗಾರರನ್ನು ತರುವಾಗ ಮೊದಲು ನೋಡುವುದೇ ಸ್ಟ್ರೈಕರ್ ಮತ್ತು ಸೆಂಟರ್ ಬ್ಯಾಕ್. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದಾಗ ಮೈದಾನದಲ್ಲಿ ಒಂದು ತಂಡದಿಂದ ಆರು ವಿದೇಶಿಯರು ಇರಬಹುದಾಗಿತ್ತು. 2017-18ಕ್ಕೆ ಅದು ಐದಾಯಿತು, 2021-22ಕ್ಕೆ ನಾಲ್ಕಾಯಿತು. ಸಂಖ್ಯೆ ಇಳಿದರೂ ಆ ಜಾಗ ಮಾತ್ರ ಸುಲಭವಾಗಿ ಬಿಡುಗಡೆ ಆಗುತ್ತಿಲ್ಲ. ಎಷ್ಟೋ ಒಳ್ಳೆಯ ಹುಡುಗರನ್ನು ಪಕ್ಕಕ್ಕೆ ತಳ್ಳಿ ಫುಲ್ ಬ್ಯಾಕ್ (ಬದಿಯ ಡಿಫೆಂಡರ್) ಮಾಡಿಬಿಡುತ್ತಾರೆ.

ಹೊರದೇಶದಲ್ಲೂ ಮೊದಲ ವರ್ಷದ ಸಂಖ್ಯೆ ನೋಡಿ ತೀರ್ಪು ಕೊಟ್ಟಿದ್ದರೆ ಪಜೀತಿ ಆಗುತ್ತಿತ್ತು. ಇಟಲಿಯ ಡಿಫೆಂಡರ್ ಪಾವೊಲೊ ಮಾಲ್ಡಿನಿ 1985ರ ಜನವರಿಯಲ್ಲಿ, 16ನೇ ವಯಸ್ಸಿಗೆ, ಮಿಲಾನ್ ಕ್ಲಬ್ ಪರವಾಗಿ ಬದಲಿ ಆಟಗಾರನಾಗಿ ಇಳಿದರು. ಆ ಸೀಸನ್‌ನ ಲೀಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ ಪಂದ್ಯ. ಆಮೇಲೆ 2009ರವರೆಗೆ ಅಲ್ಲೇ ಆಡಿದರು. ಫ್ರಾನ್ಸ್‌ನ ಡಿಫೆಂಡರ್ ವಿಲಿಯಂ ಸಲಿಬಾ ಅವರನ್ನು ಇಂಗ್ಲೆಂಡಿನ ಆರ್ಸೆನಲ್ 2019ರಲ್ಲಿ ಕೊಂಡಿತು. ಮೂರು ವರ್ಷ ಫ್ರಾನ್ಸ್‌ನ ಬೇರೆ ಕ್ಲಬ್‌ಗಳಿಗೆ ಕಳಿಸುತ್ತಲೇ ಇತ್ತು. ಆರ್ಸೆನಲ್ ಪರವಾಗಿ ಮೊದಲ ಲೀಗ್ ಪಂದ್ಯ ಆಡಿದ್ದು 2022ರ ಆಗಸ್ಟ್‌ನಲ್ಲಿ. ಅದೇ ಸೀಸನ್‌ನ ಕೊನೆಯಲ್ಲಿ ಬೆನ್ನು ನೋವಿನಿಂದ ಹೊರಗುಳಿದಾಗ, ಅವರಿಲ್ಲದೆ ತಂಡ ಎಷ್ಟು ತತ್ತರಿಸಿತು ಅನ್ನುವುದೇ ಎಲ್ಲರ ಮಾತಾಯಿತು.

ಹಾಗಂತ ಎಲ್ಲರೂ ಮಾಲ್ಡಿನಿ ಆಗುವುದಿಲ್ಲ. ಮೊದಲ ವರ್ಷ ಒಂದು ಪಂದ್ಯ ಆಡಿ ಮರೆಯಾದವರೇ ಸಾವಿರ. ಅದಕ್ಕೇ ನಾನು ಸಂಖ್ಯೆಗಿಂತ ಅದು ಸಿಕ್ಕ ಕ್ರಮ ನೋಡುತ್ತೇನೆ. ನಿಮ್ಮ ತಮ್ಮನ ಕ್ರಮದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಕೊನೆಯ ಐದು ಪಂದ್ಯಕ್ಕಿಂತ ನಡುವಿನ ಆ ಮೂರು. ಸ್ಕೋರ್ ನೋಡಿದ್ದೀರಾ? 2-1, 1-0, 1-0. ಮೂರರಲ್ಲೂ ತಂಡ ಒಂದೇ ಗೋಲಿನಿಂದ ಮುಂದಿತ್ತು, ಹತ್ತು ನಿಮಿಷ ಉಳಿದಿತ್ತು. ಎದುರಾಳಿ ಚೆಂಡನ್ನು ಬಾಕ್ಸ್‌ಗೆ ಸುರಿಯುವ ಹೊತ್ತು ಅದು. ಕೋಚ್‌ಗಳಿಗೆ ಹೊಟ್ಟೆ ಹಿಂಡುವ ಹೊತ್ತು. ಆಗ ಯಾವ ಕೋಚ್ ಕೂಡ ಪಾಪ ಹುಡುಗನಿಗೂ ಒಂದು ಅವಕಾಶ ಸಿಗಲಿ ಅಂತ ಇಳಿಸುವುದಿಲ್ಲ. ಎರಡು ತಿಂಗಳ ಹಿಂದೆ ಅಂಗಿ ಎಳೆದು ಹೊರಗೆ ಹೋದವನನ್ನು ಅಲ್ಲಿ ಇಳಿಸಿದ್ದಾರೆ ಅಂದರೆ, ಪ್ರಾಕ್ಟೀಸ್‌ನಲ್ಲಿ ಏನೋ ಕಂಡಿದ್ದಾರೆ. ಮೂರೂ ಪಂದ್ಯ ಗೆದ್ದರು.

ವಿದೇಶಿ ಡಿಫೆಂಡರ್‌ಗೆ ಗಾಯವಾಗಿದ್ದರಿಂದ ಸಿಕ್ಕಿತು ಅನ್ನುವುದು ನಿಜವೇ ಇರಲಿ. ಡಿಫೆಂಡರ್‌ಗಳಿಗೆ ಜಾಗ ಸಿಗುವುದೇ ಹಾಗೆ. ನಾನು ಕೇಳುವ ಪ್ರಶ್ನೆ ಬೇರೆ: 31 ವರ್ಷದ ಅನುಭವಿ ಬೆಂಚಿನಲ್ಲಿದ್ದಾಗ ಕೋಚ್ ಯಾರನ್ನು ಆರಿಸಿದರು? 20ನೇ ಪಂದ್ಯದಲ್ಲಿ ಎರಡು ಗೋಲು ಬಿದ್ದ ಮೇಲೂ 21ಕ್ಕೆ ಯಾರನ್ನು ಇಟ್ಟುಕೊಂಡರು?

ಪಕ್ಕದಲ್ಲಿ ಯಾರು ಆಡುತ್ತಿದ್ದರು ಅನ್ನುವುದೂ ಮುಖ್ಯ. 2014ರ ಮೊದಲ ಐಎಸ್‌ಎಲ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಗೆದ್ದದ್ದು ಕೇರಳ ಬ್ಲಾಸ್ಟರ್ಸ್‌ನ ಸಂದೇಶ್ ಝಿಂಗನ್, ಆಗ 21 ವರ್ಷದ ಡಿಫೆಂಡರ್. ಒಳ್ಳೆಯ ಆಟಗಾರ, ಎರಡು ಮಾತಿಲ್ಲ. ಆದರೆ ಅವರ ಬೆನ್ನ ಹಿಂದೆ ಗೋಲಿನಲ್ಲಿ ನಿಂತಿದ್ದವರು ಇಂಗ್ಲೆಂಡ್ ತಂಡಕ್ಕೆ ಆಡಿದ್ದ ಡೇವಿಡ್ ಜೇಮ್ಸ್ ಅನ್ನುವುದನ್ನು ಮರೆಯಬಾರದು. ಅಂಥ ಗೋಲಿ ಹಿಂದಿನಿಂದ ಕೂಗಿ ಹೇಳುತ್ತಿದ್ದರೆ ಹುಡುಗ ಅರ್ಧ ಪಂದ್ಯ ಗೆದ್ದ ಹಾಗೆ. ಐಎಸ್‌ಎಲ್‌ನ ಮೊದಲ ಆರು ಸೀಸನ್‌ಗಳಲ್ಲಿ ನಾಲ್ಕು ಸಲ ಆ ಪ್ರಶಸ್ತಿ ಡಿಫೆಂಡರ್‌ಗಳಿಗೇ ಹೋಗಿದೆ. ಹಾಗಾಗಿ ಹಿಂದೆ ಆಡುವವನನ್ನು ಯಾರೂ ಗಮನಿಸುವುದಿಲ್ಲ ಅಂತ ತಮ್ಮ ಗೊಣಗಿದರೆ ನಂಬಬೇಡಿ. ನಿಮ್ಮ ತಮ್ಮನ ಗೋಲಿ ಮಾತ್ರ ನಾಲ್ಕೂ ವಿಡಿಯೊದಲ್ಲಿ ಮೌನವ್ರತ ಹಿಡಿದವನ ಹಾಗೆ ಕಾಣುತ್ತಾನೆ.

ಮೌನ ಅಂದಾಗ ನನ್ನ ಚಿಂತೆಯ ವಿಷಯವೂ ಬಂತು. ನಿಮ್ಮ ತಮ್ಮನೂ ಮಾತಾಡುವುದಿಲ್ಲ. ಕೊನೆಯ ಪಂದ್ಯದಲ್ಲೂ ಬಾಯಿ ಬಿಡಲಿಲ್ಲ. ಸೆಂಟರ್ ಬ್ಯಾಕ್‌ಗೆ ಇಡೀ ಮೈದಾನ ಮುಂದೆ ಕಾಣುತ್ತದೆ. ಅವನು ಹೇಳದಿದ್ದರೆ ಇನ್ಯಾರೂ ಹೇಳಲಾರರು. "ಬೆನ್ನ ಹಿಂದೆ ಆಳಿದ್ದಾನೆ", "ತಿರುಗು, ಸಮಯ ಇದೆ", "ಬಿಡು, ನಂದು". ಇಷ್ಟೇ ಮಾತು. ನಮ್ಮ ಹುಡುಗರು ಹೊರಗೆ ಹೋದಾಗ ಇಂಗ್ಲಿಷ್ ಬರುವುದಿಲ್ಲ ಅಂತ ಮುದುಡಿಕೊಳ್ಳುತ್ತಾರೆ. ನಾನೂ ಹಾಗೇ ಇದ್ದೆ. ಆದರೆ ಕಲಬುರಗಿಯಲ್ಲಿ ಬೆಳೆದ ಹುಡುಗನ ಬಾಯಲ್ಲಿ ದಖನಿ ಹಿಂದಿ ನೀರಿನ ಹಾಗೆ ಹರಿಯುತ್ತದೆ. ಮಣಿಪುರದ ಹುಡುಗನಿಗೂ ಪಂಜಾಬಿನ ಹುಡುಗನಿಗೂ ಅದು ತಿಳಿಯುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಚೌಕಾಸಿ ಮಾಡುವ ದನಿಯ ಅರ್ಧದಷ್ಟನ್ನು ಮೈದಾನದಲ್ಲಿ ತೆಗೆದರೂ ಸಾಕು.

ಇನ್ನೊಂದು ಚಿಂತೆ ಎಡಗಾಲು. 2019ರಿಂದ ಗೋಲ್ ಕಿಕ್‌ನಲ್ಲಿ ಒದ್ದ ಚೆಂಡನ್ನು ಅದೇ ತಂಡದ ಡಿಫೆಂಡರ್ ಬಾಕ್ಸ್ ಒಳಗೇ ನಿಂತು ಪಡೆಯಬಹುದು. ಅಂದಿನಿಂದ ಡಿಫೆಂಡರ್‌ಗಳಿಗೆ ಪಾಸಿಂಗ್ ಕೆಲಸ ಜಾಸ್ತಿ ಆಗಿದೆ, ಎದುರಾಳಿ ಅಲ್ಲೇ ಬಂದು ಒತ್ತುತ್ತಾನೆ. 22ನೇ ಪಂದ್ಯದ ಹೊತ್ತಿಗೆ ಎದುರಾಳಿ ತಂಡ ನಿಮ್ಮ ತಮ್ಮನ ಗುಟ್ಟು ಹಿಡಿದಿತ್ತು. ಬಲಗಡೆ ದಾರಿ ಮುಚ್ಚಿ, ಎಡಗಾಲಿಗೇ ತಳ್ಳುತ್ತಿದ್ದರು. ಎಡಗಾಲಿನಲ್ಲಿ ಕೊಟ್ಟ 11 ಪಾಸ್‌ನಲ್ಲಿ 5 ಎದುರಾಳಿಗೋ ಹೊರಗೋ ಹೋಗಿವೆ. ಮುಂದಿನ ಸೀಸನ್‌ನಲ್ಲಿ ಎಲ್ಲ ತಂಡಗಳೂ ಇದನ್ನೇ ಮಾಡುತ್ತವೆ. ಎರಡನೇ ವರ್ಷ ಕಷ್ಟ ಅನ್ನುವುದು ಇದಕ್ಕೇ. ಮೊದಲ ವರ್ಷ ನಿಮ್ಮ ಬಗ್ಗೆ ಯಾರಿಗೂ ಗೊತ್ತಿರುವುದಿಲ್ಲ.

ಈಗ ತಂದೆಯವರ ಮಾತು. ಅವರ ಭಯ ನನಗೆ ಅರ್ಥವಾಗುತ್ತದೆ. ನನ್ನ ಮೊದಲ ವರ್ಷ ನಾನು ಆಡಿದ್ದು ಎರಡೇ ಪಂದ್ಯ. ಆ ತಂಡದ ಹೆಸರು ಬೇಡ, ಕೊನೆಯ ಎರಡು ತಿಂಗಳ ಹಣ ಇನ್ನೂ ಬಂದಿಲ್ಲ! ಆದ್ದರಿಂದ ಸಹಿ ಹಾಕುವ ಮೊದಲು ಮೂರು ವಿಷಯ ಬರಹದಲ್ಲಿ ಇದೆಯಾ ನೋಡಿ: ಸಂಬಳ ಎಷ್ಟು ತಿಂಗಳಿಗೆ, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಆಡಿಸದಿದ್ದರೆ ಮಧ್ಯದಲ್ಲಿ ಬೇರೆ ಕ್ಲಬ್‌ಗೆ ಬಿಡುತ್ತಾರಾ. ಸಂಬಳ ಹೆಚ್ಚಾಗಿಲ್ಲ ಅನ್ನುವುದಕ್ಕಿಂತ ಈ ಮೂರನೆಯದು ದೊಡ್ಡದು. ಡಿಗ್ರಿಯನ್ನು ದೂರಶಿಕ್ಷಣದಲ್ಲಾದರೂ ಮುಂದುವರಿಸಲಿ. 20 ವರ್ಷಕ್ಕೆ ಪೊಲೀಸ್ ಪರೀಕ್ಷೆ ಎಲ್ಲೂ ಓಡಿ ಹೋಗುವುದಿಲ್ಲ.

ಅಂದ ಹಾಗೆ, ಪೊಲೀಸ್ ಕೆಲಸವೇ ಬೇರೆ ಫುಟ್‌ಬಾಲೇ ಬೇರೆ ಅಂತ ಅವರು ಅಂದುಕೊಂಡಿದ್ದರೆ ಹಳೆಯ ಹೈದರಾಬಾದಿನ ಕಥೆ ಹೇಳಿ. 1956ರವರೆಗೆ ನಮ್ಮ ಬೀದರ್, ಕಲಬುರಗಿ ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ಆಗ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದಿತ್ತು. ಅದರ ಕೋಚ್ ಸೈಯದ್ ಅಬ್ದುಲ್ ರಹೀಂ. ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗಲೂ ಅವರೇ ಕೋಚ್. 1962ರಲ್ಲಿ ಜಕಾರ್ತದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಈ ಜರ್ನೈಲ್ ಅವರನ್ನೇ ಮುಂದೆ ಸ್ಟ್ರೈಕರ್ ಆಗಿ ಆಡಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಅವರೂ ಒಂದು ಗೋಲು ಹಾಕಿದರು, ಭಾರತ 2-1ರಲ್ಲಿ ಗೆದ್ದಿತು. ಎಷ್ಟು ಒಳ್ಳೆಯ ಡಿಫೆಂಡರ್ ಆಗಿದ್ದರೂ ಜನ ಜಾಸ್ತಿ ನೆನೆಯುವುದು ಅವರು ಹಾಕಿದ ಆ ಗೋಲನ್ನು. ತಡೆದ ಗೋಲುಗಳನ್ನು ಯಾರು ಬರೆದಿಟ್ಟರು?

ನನ್ನ ಸಲಹೆ, ಇನ್ನೊಂದು ವರ್ಷ ಕೊಡಿ. ಆ ವರ್ಷ ನೋಡಬೇಕಾದದ್ದು ಗೋಲಿನ ಸಂಖ್ಯೆಯನ್ನಲ್ಲ. ಆರನೇ ಪಂದ್ಯದ ಹಾಗೆ ಎದೆ ಕೊಟ್ಟು ನಿಲ್ಲುವುದು ಮತ್ತೆ ಬಂತಾ ಅಂತ ನೋಡಿ, ಸುಸ್ತಾದಾಗ ಹಳೆಯ ಚಟ ಮರಳುತ್ತದೆ. 75ನೇ ನಿಮಿಷದ ನಂತರ ವಿಶೇಷವಾಗಿ ಗಮನಿಸಿ. ವಿದೇಶಿ ಆಟಗಾರ ವಾಪಸು ಬಂದ ಮೇಲೂ ಜಾಗ ಉಳಿಯಿತಾ, ಇಲ್ಲ ಫುಲ್ ಬ್ಯಾಕ್ ಆಗಿ ತಳ್ಳಿದರಾ ನೋಡಿ. ಡಿಸೆಂಬರ್ ಹೊತ್ತಿಗೆ, ತೊಗರಿ ರಾಶಿ ಶುರುವಾಗುವಷ್ಟರಲ್ಲಿ, ಐದಾರು ಪಂದ್ಯವೂ ಸಿಗದಿದ್ದರೆ ನನಗೆ ಇನ್ನೊಮ್ಮೆ ಬರೆಯಿರಿ. ಆಗ ಬೇರೆ ಕ್ಲಬ್ ಬಗ್ಗೆ ಮಾತಾಡೋಣ.

ರಜೆಯಲ್ಲಿ ಊರಿಗೆ ಬಂದಾಗ ಅವನು ದಿನಾ ಒಂದು ಗೋಡೆಗೆ ಎಡಗಾಲಿನಲ್ಲಿ ಇನ್ನೂರು ಪಾಸ್ ಹೊಡೆಯಲಿ. ಬಿಸಿಲು ಏರುವ ಮೊದಲು, ಬೆಳಗ್ಗೆ ಆರಕ್ಕೇ. ಹೊಡೆಯುವಾಗ ಪ್ರತಿ ಸಲ ಬಾಯಿ ಬಿಟ್ಟು "ನಂದು" ಅಂತ ಕೂಗಲಿ. ಪಕ್ಕದ ಮನೆಯವರು ಬಂದು ಬೈದರೆ ದನಿ ಸಾಕಷ್ಟು ಬಂದಿದೆ ಅಂತ ಲೆಕ್ಕ.